ಹಳದಿ ಬಾಟ್ಲು

ಧನುರ್ಮಾಸ ಹಿಡಿದು ಹತ್ತು ದಿನ ಆಗಿತ್ತು. ಬೆಂಗಳೂರಿನಿಂದ ತಂಗಿ, ತಂಗಿ ಮಗಳು ಇಬ್ಬರೂ ನಮ್ಮ ಕುವೆಂಪುನಗರದ ಮನೆಗೆ ಬಂದಿದ್ದರು. ಅರಮನೆ ಅಂಗಳದ ಫಲಪುಷ್ಪ ಪ್ರದರ್ಶನ ನೋಡೋದು ನೆಪ, ಹಿತಕಿದ ಅವರೆಬೇಳೆ ಸಾರು ಅಸಲಿ ಕಾರಣ. ಮಧ್ಯಾಹ್ನ ಮೂವರೂ ನೆನೆಸಿದ ಅವರೆಕಾಳಿನ ಪಾತ್ರೆ ಸುತ್ತ ಕೂತು ಸಿಪ್ಪೆ ಹಿತುಕುತ್ತಿದ್ದೆವು. ಮೂವರೂ ಅಂದೆ, ನಿಜ ಹೇಳಬೇಕೆಂದರೆ ಇಬ್ಬರು. ಪುಟ್ಟಿ ಫೋನ್ ನೋಡುತ್ತಿದ್ದಳು.

"ದೊಡ್ಡಮ್ಮ, ಇಲ್ನೋಡಿ. ನಿಮ್ಮನೆಯಿಂದ ಎರಡೇ ಕಿಲೋಮೀಟರ್."

ಒಂದು ಕ್ಲಿನಿಕ್ಕಿನ ಜಾಹೀರಾತು. ವಿಂಟರ್ ಇಮ್ಯುನಿಟಿ ಡ್ರಿಪ್, ಅಂದರೆ ಚಳಿಗಾಲದಲ್ಲಿ ಕಾಯಿಲೆ ಬರದ ಹಾಗೆ ರಕ್ತನಾಳಕ್ಕೆ ಏರಿಸುವ ವಿಟಮಿನ್ ಬಾಟ್ಲು. ವಿಟಮಿನ್ ಸಿ, ಬಿ ಕಾಂಪ್ಲೆಕ್ಸ್, ಜಿಂಕ್, ಮೆಗ್ನೀಸಿಯಂ. 45 ನಿಮಿಷ, 4,500 ರೂಪಾಯಿ. ಇಬ್ಬರು ಬಂದರೆ ರಿಯಾಯಿತಿ.

ನನಗೆ ನಗು ತಡೆಯಲಾಗಲಿಲ್ಲ. ಮೂವತ್ತೆರಡು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು ನಾನು. ನಾನು ಏರಿಸಿದ ಬಾಟ್ಲುಗಳನ್ನು ಸಾಲಾಗಿ ಮಲಗಿಸಿದರೆ ಮಂಡ್ಯದಿಂದ ಮದ್ದೂರು ಮುಟ್ಟಬಹುದು. ಅದರಲ್ಲಿ ಅರ್ಧಕ್ಕರ್ಧ ಬೇಡದೇ ಇದ್ದವು ಅಂತ ಈಗ ಹೇಳುವುದಕ್ಕೆ ಸಂಕೋಚವಿಲ್ಲ, ಪೆನ್ಷನ್ ಬರುತ್ತಿದೆ.

ಮಂಡ್ಯ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಇದ್ದಾಗಿನ ಮಾತು. ಕಬ್ಬು ಕಡಿಯುವ ಕಾಲ ಬಂತೆಂದರೆ ಹೆಂಗಸರು ಬೆಳಿಗ್ಗೆಯೇ ಬಂದು ಜಗಲಿ ಮೇಲೆ ಕೂರುತ್ತಿದ್ದರು. "ಮೈಯೆಲ್ಲಾ ನೋವು ಕಣವ್ವ, ಕೈಕಾಲು ಸೋತೋಗವೆ, ಒಂದ್ ಬಾಟ್ಲು ಹಾಕ್ಬುಡಿ." ಬಿಪಿ ಸರಿಯಾಗಿದೆ, ಜ್ವರವಿಲ್ಲ, ವಾಂತಿ ಭೇದಿ ಏನೂ ಇಲ್ಲ. ಬಾಯಲ್ಲಿ ಕುಡಿಯಬಲ್ಲವರಿಗೆ ಬಾಟ್ಲು ಯಾಕೆ? ಐದು ಪರ್ಸೆಂಟ್ ಗ್ಲೂಕೋಸಿನ 500 ಎಂ.ಎಲ್. ಬಾಟ್ಲಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಐದಾರು ಟೀ ಚಮಚ ಸಕ್ಕರೆ ಅಂದುಕೊಳ್ಳಿ. ರಾಮನವಮಿ ಪಾನಕದಲ್ಲಿ ಇದಕ್ಕಿಂತ ಶಕ್ತಿ ಇರುತ್ತದೆ, ಜೊತೆಗೆ ಏಲಕ್ಕಿ ಬೇರೆ. ಹಾಗೆ ಹೇಳಿದರೆ ಕೇಳುವವರು ಯಾರು! ಬಣ್ಣವಿಲ್ಲದ ಬಾಟ್ಲು ಹಾಕಿದರೆ "ಬರೀ ನೀರ್ ಹಾಕುದ್ರು" ಅಂತ ಊರಲ್ಲೆಲ್ಲಾ ಸುದ್ದಿ. ಅದಕ್ಕೇ ಡಾಕ್ಟರು "ಒಂದು ಎಂವಿಐ ಹಾಕಿ ಕಳಿಸಿ ಸಿಸ್ಟರ್" ಅನ್ನೋರು. ಮಲ್ಟಿವಿಟಮಿನ್ ಆಂಪೂಲ್ ಒಡೆದು ಸೇರಿಸಿದೆನೋ, ಬಾಟ್ಲು ಪೂರಾ ಹಳದಿ. ನೋಡಿದವರ ಮುಖ ಅರಳುತ್ತಿತ್ತು.

ಒಬ್ಬಾಕೆ ಪ್ರತಿ ವರ್ಷ ಬರುತ್ತಿದ್ದಳು. ಸೂಜಿ ಚುಚ್ಚಿದ ಐದು ನಿಮಿಷಕ್ಕೆ ಗೊರಕೆ. ಎರಡು ತಾಸು ಕಬ್ಬಿಣದ ಮಂಚದ ಮೇಲೆ ಕಾಲು ಚಾಚಿ ಮಲಗೋಳು. ಆ ಎರಡು ತಾಸು ಅವಳನ್ನು ಯಾರೂ ನೀರು ತಾ, ಹಸು ಕಟ್ಟು, ಮುದ್ದೆ ತೊಳಸು ಅನ್ನುವ ಹಾಗಿರಲಿಲ್ಲ. ಒಂದು ಸಲ ನಾಲ್ಕೇ ದಿನಕ್ಕೆ ಕೆಮ್ಮಿಕೊಂಡು ವಾಪಸ್ ಬಂದಳು. "ಬಾಟ್ಲು ಕೆಲಸ ಮಾಡ್ಲಿಲ್ವಲ್ಲ" ಅಂದೆ. "ಅಯ್ಯೋ, ಅದು ಹಾಕುಸ್ಕೊಂಡಿದ್ಕೇ ಇಷ್ಟುಕ್ಕೆ ನಿಂತದೆ ಬುಡಿ" ಅಂದಳು.

ಇದನ್ನೆಲ್ಲಾ ಪುಟ್ಟಿಗೆ ಹೇಳಿದೆ. "ಅದು ಗ್ಲೂಕೋಸ್ ದೊಡ್ಡಮ್ಮ, ಇದು ವಿಟಮಿನ್ ಥೆರಪಿ" ಅಂದಳು. ತಂಗಿ ಬೇರೆ "ಇಬ್ಬರಿಗೆ ರಿಯಾಯಿತಿ ಇದೆಯಂತೆ" ಅಂತ ಅವರೆಕಾಳು ಬಿಟ್ಟು ಎದ್ದಳು. ಅವಳಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಅವಳನ್ನು ಮಾತ್ರ ನಾನು ಬಿಲ್‌ಕುಲ್ ಬಿಡಲಿಲ್ಲ. ವಿಟಮಿನ್ ಸಿ ದೊಡ್ಡ ಪ್ರಮಾಣದಲ್ಲಿ ರಕ್ತಕ್ಕೆ ನೇರ ಹೋದಾಗ ಕೆಲವು ಗ್ಲೂಕೋಮೀಟರ್‌ಗಳು ಅದನ್ನೇ ಸಕ್ಕರೆ ಅಂದುಕೊಂಡು ಸುಳ್ಳು ರೀಡಿಂಗ್ ಕೊಡುತ್ತವೆ. ಇರುವುದು 110, ತೋರಿಸುವುದು 250 ಅಂತಿಟ್ಟುಕೊಳ್ಳಿ. ಅದನ್ನು ನಂಬಿ ನಾಲ್ಕು ಯೂನಿಟ್ ಇನ್ಸುಲಿನ್ ಜಾಸ್ತಿ ಚುಚ್ಚಿಕೊಂಡರೆ ಶುಗರ್ ಇಳಿದು ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕು. ತಂಗಿ ಮುಖ ಊದಿಸಿಕೊಂಡು ಮತ್ತೆ ಅವರೆಕಾಳಿಗೆ ಕೂತಳು. ಪುಟ್ಟಿ ಜೊತೆಗೆ ನಾನು ಹೋದೆ, ಹಾಕಿಸಿಕೊಳ್ಳುವುದಕ್ಕಲ್ಲ, ಕಾವಲಿಗೆ.

ಕ್ಲಿನಿಕ್ ಹೆಸರು ಬೇಡ. ಒಳಗೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಒರಗುವ ಕುರ್ಚಿ, ತೆಳು ಕಂಬಳಿ, ಮೆಲ್ಲಗೆ ಕೊಳಲು. ಡಾಕ್ಟರು "ಸಂಜೆ ಬರ್ತಾರೆ ಮೇಡಂ". ಫಾರಂನಲ್ಲಿ ಹೆಸರು, ಫೋನ್ ನಂಬರ್, ಇನ್‌ಸ್ಟಾಗ್ರಾಂ ಐಡಿ. ಕಿಡ್ನಿಯಲ್ಲಿ ಕಲ್ಲಿದೆಯಾ, ಹಿಂದೆ ಯಾವ ಇಂಜೆಕ್ಷನ್‌ಗಾದರೂ ಅಲರ್ಜಿ ಆಗಿದೆಯಾ ಅನ್ನುವ ಪ್ರಶ್ನೆ ಒಂದೂ ಇಲ್ಲ. ವಿಟಮಿನ್ ಸಿ ಮೈಯಲ್ಲಿ ಆಕ್ಸಲೇಟ್ ಆಗಿ ಒಡೆಯುತ್ತದೆ, ಕಲ್ಲಾಗುವ ಜಾಯಮಾನದವರಿಗೆ ಅದು ಆಗಬರುವುದಿಲ್ಲ. ಹುಟ್ಟಿನಿಂದ ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುವವರಿಗೆ ದೊಡ್ಡ ಡೋಸ್ ಕೊಟ್ಟರೆ ಕೆಂಪು ರಕ್ತಕಣಗಳೇ ಒಡೆದುಹೋಗಬಹುದು. ನಾನೇ ಒಂದೊಂದಾಗಿ ಕೇಳಿದೆ. ಆ ಹುಡುಗಿ ಪಾಪ, ನರ್ಸಿಂಗ್ ಮುಗಿಸಿ ವರ್ಷ ಆಗಿರಬೇಕು, ನನ್ನ ಮುಖ ನೋಡಿ "ಮೇಡಂ ನೀವು ಡಾಕ್ಟರಾ?" ಅಂದಳು.

ಕೈ ಮಾತ್ರ ಚೆನ್ನಾಗಿತ್ತು ಅವಳದು. ಸ್ಪಿರಿಟ್ ಒರೆಸಿ ಒಣಗಲು ಬಿಟ್ಟಳು, ನೀಲಿ ಕ್ಯಾನುಲಾ ಮೊದಲನೇ ಸಲಕ್ಕೇ ವೇನ್ ಒಳಗೆ. ಡ್ರಿಪ್ ಬಿಟ್ಟಮೇಲೆ ಹಳೇ ಚಾಳಿ, ವಾಚ್ ನೋಡಿಕೊಂಡು ಹನಿ ಎಣಿಸಿದೆ. ನಿಮಿಷಕ್ಕೆ 110ರ ಆಸುಪಾಸು. 20 ಹನಿಗೆ ಒಂದು ಎಂ.ಎಲ್. ಬೀಳುವ ಸೆಟ್ಟಿನಲ್ಲಿ 250 ಎಂ.ಎಲ್. ಮುಕ್ಕಾಲು ಗಂಟೆಗೆ ಮುಗಿಯಬೇಕಾದರೆ ಅಷ್ಟು ಓಡಲೇಬೇಕು. ಸ್ವಲ್ಪ ಹೊತ್ತಿಗೆ ಪುಟ್ಟಿ "ದೊಡ್ಡಮ್ಮ, ಕುತ್ತಿಗೆ, ಎದೆ ಎಲ್ಲಾ ಬಿಸಿಬಿಸಿ ಆಗ್ತಿದೆ" ಅಂದಳು. ಮೆಗ್ನೀಸಿಯಂ ಜೋರಾಗಿ ಹೋದರೆ ಹಾಗೇ. ಇನ್ನೂ ಜೋರಾದರೆ ಬಿಪಿ ಇಳಿಯುತ್ತದೆ. ಯಾರನ್ನೂ ಕೇಳದೆ ಪೈಪಿನ ಮೇಲಿನ ರೋಲರ್ ಎಳೆದು ಹನಿಯ ವೇಗ ಅರ್ಧಕ್ಕೆ ಇಳಿಸಿದೆ. ಹುಡುಗಿ ಏನೂ ಅನ್ನಲಿಲ್ಲ.

ಗೋಡೆ ಮೇಲಿನ ಪೋಸ್ಟರಿನಲ್ಲಿ 'ಮೈಯರ್ಸ್ ಕಾಕ್ಟೇಲ್' ಅಂತ ಇತ್ತು. ಜಾನ್ ಮೈಯರ್ಸ್ ಅಮೆರಿಕದ ಬಾಲ್ಟಿಮೋರಿನ ಡಾಕ್ಟರು. ತನ್ನ ರೋಗಿಗಳಿಗೆ ವಿಟಮಿನ್, ಮೆಗ್ನೀಸಿಯಂ, ಕ್ಯಾಲ್ಸಿಯಂ ಬೆರೆಸಿ ರಕ್ತನಾಳಕ್ಕೆ ಕೊಡುತ್ತಿದ್ದ. 1984ರಲ್ಲಿ ಆತ ತೀರಿಕೊಂಡ ಮೇಲೆ ಅಲನ್ ಗೇಬಿ ಅನ್ನುವ ಇನ್ನೊಬ್ಬ ಡಾಕ್ಟರು ಅದನ್ನು ಮುಂದುವರಿಸಿ 2002ರಲ್ಲಿ ತನ್ನ ಅನುಭವ ಬರೆದ. ಆ ಕಾಕ್ಟೇಲ್ ಕ್ಯಾನ್ಸರಿಗೂ ಸಕ್ಕರೆ ಕಾಯಿಲೆಗೂ ಆಗುತ್ತೆ ಅಂತ ಜಾಹೀರಾತು ಕೊಟ್ಟ ಟೆಕ್ಸಾಸಿನ ಒಂದು ಕಂಪನಿ ಮೇಲೆ 2018ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ತೆಗೆದುಕೊಂಡಿತು. ಪೋಸ್ಟರಿನಲ್ಲಿ ಅದಿರಲಿಲ್ಲ, ಬಿಡಿ.

ಪುಟ್ಟಿಯ ವಾದ ಏನೆಂದರೆ, ಬಾಯಲ್ಲಿ ತಗೊಂಡದ್ದು ಪೂರಾ ಮೈಗೆ ಹತ್ತುವುದಿಲ್ಲ, ಇದು ನೂರಕ್ಕೆ ನೂರು. ಅರ್ಧ ನಿಜ. 200 ಮಿಲಿಗ್ರಾಂವರೆಗೆ ವಿಟಮಿನ್ ಸಿ ಹೆಚ್ಚುಕಮ್ಮಿ ಪೂರಾ ಹೀರಿಕೊಳ್ಳುತ್ತೆ ಕರುಳು. ಒಂದು ಗ್ರಾಂ ದಾಟಿದರೆ ಅರ್ಧವೂ ಇಲ್ಲ. ಅಂದರೆ ಸಾಕು ಅನ್ನುವುದು ಹೊಟ್ಟೆಗೇ ಗೊತ್ತು. ರಕ್ತನಾಳದಲ್ಲಿ ಆ ಬಾಗಿಲು ಕಾಯುವವರು ಯಾರೂ ಇಲ್ಲ, ಆ ಕೆಲಸ ಕಿಡ್ನಿ ತಲೆಗೆ ಬೀಳುತ್ತೆ, ಅದು ಕೆಲವೇ ಗಂಟೆಗಳಲ್ಲಿ ಹೆಚ್ಚಿನದ್ದನ್ನು ಹೊರಗೆ ಹಾಕುತ್ತೆ. ಹೈದರಾಬಾದಿನ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ, ಗಂಡಸರಿಗೆ 80. ದೇವರಾಜ ಮಾರ್ಕೆಟ್ಟಿನ ಒಂದು ಸೀಬೆಹಣ್ಣು ಉಪ್ಪು ಖಾರ ಹಚ್ಚಿ ತಿಂದರೆ ಅದರ ಎರಡರಷ್ಟು ಆಯಿತು. ಖಾರ ನನ್ನ ಸಲಹೆ, ಸಂಸ್ಥೆಯದ್ದಲ್ಲ.

ಇನ್ನು ನೆಗಡಿ. ಕಾಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2013ರ ವರದಿ 29 ಅಧ್ಯಯನ, ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಒಟ್ಟು ಹಾಕಿ ನೋಡಿತ್ತು. ದಿನಾ ವಿಟಮಿನ್ ಸಿ ಮಾತ್ರೆ ತಗೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪಲಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಶೇಕಡ 8ರಷ್ಟು ಬೇಗ ಹೋಯಿತು. ವಾರದ ನೆಗಡಿಯಲ್ಲಿ ಅರ್ಧ ದಿನ. ಮ್ಯಾರಥಾನ್ ಓಡುವವರು, ಹಿಮದಲ್ಲಿ ಕವಾಯತು ಮಾಡುವ ಸೈನಿಕರು, ಇಂಥವರಲ್ಲಿ ಮಾತ್ರ ನೆಗಡಿ ಅರ್ಧಕ್ಕೆ ಇಳಿದಿತ್ತು. ಮೈಸೂರಿನ ಮಾಗಿ ಚಳಿಯಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತುವವರು, ಮಂಕಿ ಕ್ಯಾಪ್ ಹಾಕಿದ್ದರೂ, ಈ ಲೆಕ್ಕಕ್ಕೆ ಬರುವುದಿಲ್ಲ.

ವಿಟಮಿನ್ ಚುಚ್ಚುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕುಡಿದು ಕುಡಿದು ಊಟ ಬಿಟ್ಟವರು ವಾರ್ಡಿಗೆ ಬಂದರೆ ಗ್ಲೂಕೋಸಿಗೆ ಮುಂಚೆ ಥಯಮಿನ್ ಕೊಡುತ್ತಿದ್ದೆವು, ಇಲ್ಲದಿದ್ದರೆ ಮಿದುಳಿಗೇ ಪೆಟ್ಟು. ಬಸುರಿಯರು ಗುಟುಕು ನೀರೂ ನಿಲ್ಲದೆ ವಾಂತಿ ಮಾಡಿಕೊಂಡು ಬಂದಾಗ ಬಾಟ್ಲೇ ಗತಿ. ಅವರಿಗೆ ಹಾಕಿದ ಬಾಟ್ಲಿನ ಬಗ್ಗೆ ನನಗೆ ಒಂದಿಷ್ಟೂ ಅನುಮಾನ ಇಲ್ಲ. ಪುಟ್ಟಿಗೆ ಕೊರತೆ ಯಾವುದು ಅಂತ ಅಲ್ಲಿ ಯಾರೂ ನೋಡಿಯೇ ಇರಲಿಲ್ಲ. ನಾನು ನೋಡಿದ್ದು, ಕಣ್ಣ ಕೆಳಗಿನ ಕಪ್ಪು. ರಾತ್ರಿ ಎರಡರವರೆಗೆ ಅಮೆರಿಕದವರ ಜೊತೆ ಮೀಟಿಂಗ್ ಅಂತೆ. ಫ್ಲೂ ಲಸಿಕೆ ಹಾಕಿಸ್ಕೊಂಡಿದ್ದೀಯಾ ಅಂದರೆ "ಅದೆಲ್ಲಾ ವಯಸ್ಸಾದವರಿಗಲ್ವಾ?"

ಇಷ್ಟನ್ನೂ ಅವಳಿಗೆ ಹೇಳಬೇಕೆಂದು ತಿರುಗಿದರೆ ಕಂಬಳಿ ಕೆಳಗೆ ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು. ಫೋನ್ ತೊಡೆ ಮೇಲಿಂದ ಜಾರಿತ್ತು. ಎತ್ತಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ನಾನು ನಿಧಾನ ಮಾಡಿದ್ದರಿಂದ 45 ನಿಮಿಷದ್ದು ಒಂದೂವರೆ ಗಂಟೆ ಆಯಿತು. ಹುಡುಗಿ ಎಬ್ಬಿಸಲು ಬಂದಳು, ಮುಂದಿನವರು ಕಾಯುತ್ತಿದ್ದರಂತೆ. "ಬಾಟ್ಲು ಮುಗೀಲಿ ತಾಯಿ" ಅಂದೆ.

ಸಂಜೆ ಬಚ್ಚಲುಮನೆಯಿಂದಲೇ ಕೂಗಿದಳು, "ದೊಡ್ಡಮ್ಮಾ, ಅರಿಶಿನ ಕಲಸಿದಂಗೆ ಹೋಗ್ತಿದೆ!" ಬಿ2 ಅದು, ರೈಬೋಫ್ಲೇವಿನ್. ಬಾಟ್ಲು ಹಳದಿ ಆಗುವುದೂ ಅದರಿಂದಲೇ. ತಂಗಿ ಅಡುಗೆಮನೆಯಿಂದ "ನಾಲ್ಕೂವರೆ ಸಾವಿರ ಹೋಯ್ತು" ಅಂದಳು. ಅವಳ ಸಿಟ್ಟು ಇಳಿದಿತ್ತು.

ಸಂಕ್ರಾಂತಿ ದಿನ ಎಳ್ಳುಬೆಲ್ಲದ ಡಬ್ಬಿ ತಲುಪಿತಾ ಅಂತ ಕೇಳಲು ಫೋನ್ ಮಾಡಿದೆ. ಪುಟ್ಟಿ ದನಿ ಮೂಗಿನಿಂದ ಬರುತ್ತಿತ್ತು. ಮೂರು ದಿನದಿಂದ ನೆಗಡಿ, ಗಂಟಲು ಕೆರೆತ.

"ಬಾಟ್ಲು ಹಾಕುಸ್ಕೊಂಡಿದ್ಯಲ್ಲೇ?"

"ಹಾಕಿಸ್ಕೊಂಡಿದ್ದಕ್ಕೇ ಇಷ್ಟಕ್ಕೆ ನಿಂತಿದೆ ದೊಡ್ಡಮ್ಮ."