ಸಿಯಾಟಲ್‌ನ ಗಾಜಿನ ಕಡಲು, ನಮ್ಮನೆ ನೀಮೋ

ಅಮೆರಿಕದ ಸಿಯಾಟಲ್ ಮಳೆ ನಮ್ಮ ಮಲೆನಾಡಿನ ಮಳೆಯ ಹಾಗಲ್ಲ. ಜಿಟಿಜಿಟಿ, ಅಷ್ಟೆ. ಕೊಡೆ ಹಿಡಿದರೆ ಹೊಸಬರು ಅಂತ ಎಲ್ಲರಿಗೂ ಗೊತ್ತಾಗುತ್ತೆ ಎಂದು ಮಗಳು ಕೊಡೆಯನ್ನು ಮನೆಯಲ್ಲೇ ಇಡಿಸಿದಳು. ಪೇಟೆಯಲ್ಲಿ ಮೋನೊರೈಲ್ ಹತ್ತಿ ಕೋಟಿನ ಗುಂಡಿ ಬಿಚ್ಚುವಷ್ಟರಲ್ಲಿ ಇಳಿಯುವ ಜಾಗ ಬಂತು. 1962ರ ವಿಶ್ವಮೇಳಕ್ಕೆಂದು ಕಟ್ಟಿದ ರೈಲು ಅದು. ಎದುರಿಗಿದ್ದ ಸ್ಪೇಸ್ ನೀಡಲ್ ಗೋಪುರವೂ ಅದೇ ಮೇಳದ್ದೇ. ಅದರ ಬುಡದಲ್ಲಿದೆ ಗಾಜಿನ ಕಲಾಕೃತಿಗಳ ಪ್ರದರ್ಶನಾಲಯ, ಚಿಹೂಲಿ ಗಾರ್ಡನ್ ಅಂಡ್ ಗ್ಲಾಸ್.

ಗಾಜು ನೋಡೋಕೆ ಇಷ್ಟು ದುಡ್ಡಾ ಎಂದು ಟಿಕೆಟ್ ಕೊಳ್ಳುವಾಗ ಗೊಣಗಿದ್ದೆ. ಕಡಲಿನ ಕೋಣೆಗೆ ಬಂದಾಗ ಬಾಯಿ ಕಟ್ಟಿತು. ನಡುವೆ ನೀಲಿ ಗಾಜಿನ ಗೋಪುರ. ಒಂದೊಂದು ತುಂಡೂ ಸುರುಳಿ ಸುತ್ತಿ ಏಳುವ ಅಲೆ. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರೆ ಅಲೆಗಳ ಸಂದಿಯಲ್ಲಿ ಆಕ್ಟೋಪಸ್, ನಕ್ಷತ್ರಮೀನು, ಶಂಖ.

"ಅಮ್ಮಾ, ನೀಮೋ ಎಲ್ಲಿ?" ಎಂದಳು ಮಗಳು. ಇಪ್ಪತ್ತಾರರ ಹುಡುಗಿ!

2003ರಲ್ಲಿ ಬಂದ, ನೀಮೋ ಎಂಬ ಕೋಡಂಗಿ ಮೀನಿನ ಮರಿಯ ಕಾರ್ಟೂನ್ ಸಿನಿಮಾ 'ಫೈಂಡಿಂಗ್ ನೀಮೋ' ನಮ್ಮ ಮನೆಗೆ ಸಿಡಿಯಾಗಿ ಬಂದಾಗ ಅವಳಿಗೆ ಐದು ವರ್ಷ. ದಿನಾ ಸಂಜೆ ಅದೇ. ಶುರುವಿನಲ್ಲೇ ದೊಡ್ಡ ಮೀನೊಂದು ಬಂದು ನೀಮೋನ ಅಮ್ಮನೂ ಮೊಟ್ಟೆಗಳೂ ಇಲ್ಲವಾಗುತ್ತವೆ, ಒಂದೇ ಒಂದು ಮೊಟ್ಟೆ ಉಳಿಯುತ್ತದೆ. ಅದು ಬರುವ ಮೊದಲೇ ನಾನು ರಿಮೋಟ್ ಒತ್ತಿ ಓಡಿಸಿಬಿಡುತ್ತಿದ್ದೆ. ನಮ್ಮನೆಯಲ್ಲಿ ಸಿನಿಮಾ ಶುರುವಾಗುತ್ತಿದ್ದದ್ದೇ ನೀಮೋ ಶಾಲೆಗೆ ಹೊರಡುವ ಬೆಳಗಿನಿಂದ.

ಮುಂದಿನ ಕೋಣೆಯಲ್ಲಿ ಕಡಲು ತಲೆಯ ಮೇಲಿತ್ತು. ಗಾಜಿನ ಚಾವಣಿ, ಅದರ ಮೇಲೆ ರಾಶಿ ರಾಶಿ ಬಣ್ಣದ ಗಾಜು, ಅದರಾಚೆ ದೀಪ. ಗೋಡೆಯ ಮೇಲೆಲ್ಲ ಬಣ್ಣ. ಮಗಳ ಕೆನ್ನೆಯ ಮೇಲೆ ಕಿತ್ತಳೆ ಬಣ್ಣ ಬಿದ್ದಿತ್ತು, ಕೋಡಂಗಿ ಮೀನಿನದ್ದೇ ಬಣ್ಣ. ನಾನು ಹೇಳಲಿಲ್ಲ, ಫೋಟೋ ತೆಗೆದುಕೊಂಡೆ.

ಇದನ್ನೆಲ್ಲ ಮಾಡಿಸಿದ ಡೇಲ್ ಚಿಹೂಲಿ ಇಲ್ಲೇ ಪಕ್ಕದ ಟಕೋಮಾ ಊರಿನವರು. 1976ರ ಕಾರು ಅಪಘಾತದಲ್ಲಿ ಎಡಗಣ್ಣಿನ ದೃಷ್ಟಿ ಹೋಯಿತು. 1979ರಲ್ಲಿ ಅಲೆಗಳಲ್ಲಿ ಆಡುವಾಗ ಭುಜ ಜಾರಿತು. ಆಮೇಲೆ ಕಾದ ಗಾಜನ್ನು ಊದಿ ರೂಪ ಕೊಡುವ ಕೆಲಸ ತಂಡಕ್ಕೆ ಬಿಟ್ಟು, ತಾವು ಚಿತ್ರ ಬರೆದು ಹೀಗೆ ಮಾಡಿ ಎನ್ನತೊಡಗಿದರು. ನನಗೆ ಜಾಸ್ತಿ ಹಿಡಿಸಿದ್ದು ಗಾಜಿನ ಗುಂಡು ತುಂಬಿದ ಮರದ ದೋಣಿ. 1995ರಲ್ಲಿ ಫಿನ್‌ಲೆಂಡಿನಲ್ಲಿ ಇವರು ಗಾಜಿನ ತುಂಡುಗಳನ್ನು ಹೊಳೆಗೆ ಎಸೆದರಂತೆ. ತೇಲಿ ಹೋದದ್ದನ್ನು ಊರ ಹುಡುಗರು ದೋಣಿಗಳಲ್ಲಿ ಹೆಕ್ಕಿ ತಂದರು. ತುಂಬಿದ ದೋಣಿಗಳನ್ನು ನೋಡಿಯೇ ಈ ಯೋಚನೆ ಹುಟ್ಟಿದ್ದು.

ಕೊನೆಗೆ ಗಾಜಿನ ಮನೆ. ಮೇಲೆ ಕೆಂಪು, ಹಳದಿ ಹೂಗಳ ನೂರಡಿ ಉದ್ದದ ತೋರಣ, ಅದರಾಚೆ ಸ್ಪೇಸ್ ನೀಡಲ್. ಕಾಲು ನೋಯುತ್ತಿತ್ತು. ಕೂತೆವು.

"ನೀಮೋಗೆ ಅಮ್ಮ ಯಾಕಿಲ್ಲ ಅಂತ ನಾನು ಒಂದಿನವೂ ಕೇಳಲಿಲ್ಲ, ಅಲ್ವಾ?" ಎಂದಳು.

"ಹೌದಲ್ಲ, ಯಾಕೆ?"

"ಅಜ್ಜಿ ಮನೇಲಿ ಪೂರ್ತಿ ನೋಡಿಬಿಟ್ಟಿದ್ದೆ. ಅಜ್ಜಿಗೆ ಓಡಿಸೋಕೆ ಬರ್ತಿರಲಿಲ್ಲ."

ನಾನು ಆಮೇಲೂ ಎರಡು ವರ್ಷ ರಿಮೋಟ್ ಒತ್ತಿದ್ದೆ. ಅವಳು ಪಕ್ಕದಲ್ಲಿ ಸುಮ್ನೆ ಕೂತಿರುತ್ತಿದ್ದಳು.