ಪೇಸ್ಟೆಲ್ ಚಿತ್ರ ಉದುರಿ ಹೋಗುವುದಿಲ್ಲವೇ?

ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕುಳಿತು ಚಿತ್ರ ಬರೆಯುವಾಗ ಬೆನ್ನ ಹಿಂದೆ ನಾಲ್ಕು ಜನ ನಿಲ್ಲುವುದು ಮಾಮೂಲು. ಬಟ್ಟೆ ಒಗೆಯಲು ಬಂದವರು, ಶಾಲೆ ಬಿಟ್ಟ ಮಕ್ಕಳು, ಪ್ರವಾಸಿಗರು. ಸ್ವಲ್ಪ ಹೊತ್ತು ನೋಡಿ, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಕ್ಕಾ, ಇದು ಬರೀ ಪುಡಿಯಲ್ಲವೇ? ನಾಳೆ ಉದುರಿ ಹೋದರೆ?" ಚಿತ್ರ ಕೊಳ್ಳಲು ಬಂದವರಿಗೂ ಇದೇ ಚಿಂತೆ.

ಪುಡಿ ಎನ್ನುವುದು ನಿಜ. ಬಣ್ಣದ ಪುಡಿಗೆ ತುಸುವೇ ಅಂಟು ಬೆರೆಸಿ, ಕಡ್ಡಿ ಹೊಸೆದು ಒಣಗಿಸಿದರೆ ಪೇಸ್ಟೆಲ್. ಮಕ್ಕಳು ಶಾಲೆಗೆ ಒಯ್ಯುವ ಎಣ್ಣೆ ಪೇಸ್ಟೆಲ್ ಬೇರೆ, ಅದರಲ್ಲಿ ಮೇಣ ಮತ್ತು ಎಣ್ಣೆ ಇರುತ್ತದೆ.

ಬರೆಯುವಾಗ ಉದುರುತ್ತದೆ. ತರಿತರಿಯಾದ ಹಾಳೆ ಹಿಡಿದುಕೊಂಡಷ್ಟು ಉಳಿಯುತ್ತದೆ. ಮುಗಿದ ಮೇಲೆ ಹಲಗೆಯನ್ನು ಮುಂದಕ್ಕೆ ಬಾಗಿಸಿ ಹಿಂದಿನಿಂದ ಎರಡು ಸಲ ತಟ್ಟುತ್ತೇನೆ. ನಿಲ್ಲಲಾರದ್ದು ಆಗಲೇ ಬೀಳುತ್ತದೆ. (ದಯವಿಟ್ಟು ಬಾಯಿಂದ ಊದಬೇಡಿ. ಕೆಲವು ಕೆಂಪು, ಹಳದಿ ಕಡ್ಡಿಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ.)

ಹಾಗಾದರೆ ಫಿಕ್ಸೆಟಿವ್ ಎಂಬ ಅಂಟಿನ ದ್ರಾವಣ ಸಿಂಪಡಿಸಿ ಗಟ್ಟಿ ಮಾಡಬಾರದೇ ಎನ್ನುತ್ತಾರೆ. ಮಳೆ ಬಿದ್ದಾಗ ನಮ್ಮ ಬಂಡೆಗಳನ್ನು ನೋಡಿದ್ದೀರಲ್ಲ? ಒಣಗಿದ್ದಾಗ ಕೆಂಪಗೆ ಹೊಳೆಯುವ ಕಲ್ಲು ನೆನೆದ ಕೂಡಲೇ ಕಪ್ಪಿಡುತ್ತದೆ. ಪೇಸ್ಟೆಲಿಗೂ ಹಾಗೆಯೇ. ಬಿಡಿಬಿಡಿಯಾದ ಕಣಗಳು ಬೆಳಕನ್ನು ಎಲ್ಲ ಕಡೆಗೆ ಚೆದುರಿಸುವುದರಿಂದಲೇ ಆ ಹೊಳಪು. ಮೇಲೆ ಅಂಟು ಕುಳಿತರೆ ಬಣ್ಣ ಮಂಕಾಗುತ್ತದೆ, ತಿಳಿ ಬಣ್ಣಗಳಂತೂ ಸತ್ತೇ ಹೋಗುತ್ತವೆ. ಕೆಳಗಿನ ಪದರಕ್ಕೆ ಒಮ್ಮೊಮ್ಮೆ ಸಿಂಪಡಿಸುತ್ತೇನೆ. ಕೊನೆಯ ಪದರಕ್ಕೆ ಎಂದೂ ಇಲ್ಲ.

ಈ ಊರಿಗೆ ಇದಕ್ಕಿಂತ ಒಗ್ಗುವ ಮಾಧ್ಯಮ ನನಗೆ ಸಿಕ್ಕಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಜಲವರ್ಣದ ಒಂದು ಲೇಪ ಮುಗಿಯುವುದರೊಳಗೆ ಅಂಚು ಒಣಗಿ ಗೆರೆ ಕಟ್ಟುತ್ತದೆ. ಪೇಸ್ಟೆಲಿಗೆ ಒಣಗುವ ಮಾತೇ ಇಲ್ಲ. ಸಂಜೆ ಭೂತನಾಥ ಗುಡಿಯ ಹಿಂದಿನ ಬಂಡೆಯ ಮೇಲೆ ಬಿಸಿಲು ಬಿದ್ದಾಗ ಕಿತ್ತಳೆ ಬಣ್ಣ ನಿಲ್ಲುವುದು ಕೆಲವೇ ನಿಮಿಷ. ಆಗ ಬಣ್ಣ ಕಲೆಸುತ್ತ ಕೂರಲು ಪುರಸೊತ್ತೆಲ್ಲಿ? ಕಡ್ಡಿ ಎತ್ತಿಕೊಂಡು ಒತ್ತಿದರಾಯಿತು. ಸೀಳುಗಳ ನೆರಳಿಗೆ ಮೊದಮೊದಲು ಕಪ್ಪು ಹಾಕುತ್ತಿದ್ದೆ, ಬಂಡೆಯಲ್ಲಿ ತೂತು ಬಿದ್ದಂತೆ ಕಾಣುತ್ತಿತ್ತು. ಈಗ ಕಡುನೇರಳೆ ಎಳೆದು, ಅದರ ಮೇಲೆ ಇಟ್ಟಿಗೆ ಕೆಂಪನ್ನು ಸವರಿಯೂ ಸವರದಂತೆ ಆಡಿಸುತ್ತೇನೆ. ಕೆಳಗಿನ ನೇರಳೆ ಅಲ್ಲಲ್ಲಿ ಇಣುಕಿದಾಗ ನೆರಳಿನೊಳಗೂ ಕಲ್ಲು ಬೆಚ್ಚಗಿರುತ್ತದೆ.

ಬಾಳಿಕೆಯ ಮಾತಿಗೆ ಬಂದರೆ, ಲಿಯೊಟಾರ್ ಎಂಬ ಕಲಾವಿದ ಸುಮಾರು 1744ರಲ್ಲಿ ಬರೆದ, ಚಾಕೊಲೇಟ್ ಪೇಯ ಹಿಡಿದು ಬರುವ ಹುಡುಗಿಯ ಪೇಸ್ಟೆಲ್ ಚಿತ್ರ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಇಂದಿಗೂ ಇದೆ. ಎಣ್ಣೆಯಿಲ್ಲದ್ದರಿಂದ ಪೇಸ್ಟೆಲ್ ಎಣ್ಣೆಚಿತ್ರದಂತೆ ಹಳದಿಗಟ್ಟುವುದಿಲ್ಲ, ಬಿರುಕು ಬಿಡುವುದಿಲ್ಲ. ಅದಕ್ಕೆ ಆಗದಿರುವುದು ಸ್ಪರ್ಶ ಮತ್ತು ತೇವ.

ಇದನ್ನು ನಾನು ಕಲಿತದ್ದು ನಷ್ಟದಿಂದ. ಒಮ್ಮೆ ಚಿತ್ರವೊಂದನ್ನು ಫ್ರೇಮ್ ಹಾಕಲು ಕೊಟ್ಟು ಬಂದೆ. ಅವರು ಗಾಜನ್ನು ನೇರವಾಗಿ ಹಾಳೆಗೆ ಒತ್ತಿ ಮೊಳೆ ಹೊಡೆದಿದ್ದರು. ತೆಗೆದು ನೋಡಿದರೆ ನನ್ನ ಆಕಾಶದ ಅರ್ಧ ಗಾಜಿಗೆ ಅಂಟಿತ್ತು. ಅಂದಿನಿಂದ ಅಂಗಡಿಯಲ್ಲೇ ನಿಂತು, ಗಾಜಿಗೂ ಹಾಳೆಗೂ ನಡುವೆ ಪಟ್ಟಿ ಇಡಿಸಿ, ಸಂದು ಬಿಟ್ಟ ಮೇಲೆಯೇ ಮುಚ್ಚಿಸುತ್ತೇನೆ. ಗಾಜೇ ಬೇಕು, ಅಕ್ರಿಲಿಕ್ ಪ್ಲಾಸ್ಟಿಕ್ ಬೇಡ. ಅದನ್ನು ಒರೆಸಿದರೆ ಸ್ಥಾಯಿ ವಿದ್ಯುತ್ ಹುಟ್ಟಿ ಪುಡಿಯನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಬೆವರುವ ಗೋಡೆಗೂ ಚಿತ್ರ ತೂಗುಹಾಕಬೇಡಿ, ಬೂಷ್ಟು ಹಿಡಿಯುತ್ತದೆ.

ನಮ್ಮ ಪಡಸಾಲೆಯಲ್ಲಿ ಅವ್ವನ ಚಿತ್ರವಿದೆ, ಬರೆದು 11 ವರ್ಷವಾಯಿತು. ಒಳಗೆ ಕೆಳಗಂಚಿನಲ್ಲಿ ಪುಡಿಯ ಗೆರೆ ಬಿದ್ದಿದೆಯೇ ಎಂದು ಆಗಾಗ ಬಗ್ಗಿ ನೋಡುತ್ತೇನೆ. ಇನ್ನೂ ಬಿದ್ದಿಲ್ಲ. ಅವಳ ಇಳಕಲ್ ಸೀರೆ ಒಗೆದು ಒಗೆದು ಮಾಸಿದೆ. ಚಿತ್ರದಲ್ಲಿ ಅದರ ಸೆರಗಿನ ಕೆಂಪು ಹಾಗೆಯೇ ಇದೆ.