ಟೋಕನ್ ಕೊಡೋಕ್ ಮುಂಚೆ ಫೋನ್ ಮಾಡ್ರಪ್ಪಾ

ನಮ್ಮ ನೆಂಟರಲ್ಲಿ, ಹಳೇ ಆಫೀಸ್‌ನೋರಲ್ಲಿ ಯಾರಾದ್ರೂ ಬೆಂಗಳೂರಲ್ಲಿ ಮನೆ ತಗೋತಿದಾರೆ ಅಂದ್ರೆ ನನಗೆ ಒಂದು ಫೋನ್ ಬಂದೇ ಬರತ್ತೆ, ಯಾಕಂದ್ರೆ ನಾನು ಬ್ಯಾಂಕಲ್ಲಿ ತುಂಬಾ ವರ್ಷ ಹೋಮ್ ಲೋನ್ ಟೇಬಲ್‌ನಲ್ಲೇ ಕೂತಿದ್ದೋಳು. ಆದ್ರೆ ಆ ಫೋನ್ ಬರೋದು ಮಾತ್ರ ಯಾವಾಗ್ಲೂ ಟೋಕನ್ ಕೊಟ್ಟಾದ್ಮೇಲೆ. "ಅತ್ತೆ, ಎರಡು ಲಕ್ಷ ಅಡ್ವಾನ್ಸ್ ಹಾಕ್ಬಿಟ್ವಿ, ಪೇಪರ್ಸ್ ಒಂಚೂರು ನೋಡ್ತೀರಾ?" ದುಡ್ಡು ಹೋದ್ಮೇಲೆ ಅವರಿಗೆ ಬೇಕಿರೋದು ನನ್ನ ಅಭಿಪ್ರಾಯ ಅಲ್ಲ, ಎಲ್ಲಾ ಸರಿಯಾಗಿದೆ ಅನ್ನೋ ಒಂದು ಮಾತು ಅಷ್ಟೇ, ನಾನು ಏನಾದ್ರೂ ಕೊಂಕು ತೆಗೆದ್ರೆ ಅಪಶಕುನ ನುಡಿದಂಗೆ ಮುಖ ಮಾಡ್ತಾರೆ.

ಮಾರೋರು ಅವಸರ ಮಾಡ್ತಾರೆ ನಿಜ. ಇನ್ನೊಂದು ಪಾರ್ಟಿ ರೆಡಿ ಇದೆ, ಶುಕ್ರವಾರ ಬಂದು ಅಡ್ವಾನ್ಸ್ ಕೊಡ್ತಾರಂತೆ, ನಿಮ್ಮ ಮುಖ ನೋಡಿ ತಡೆದಿದೀನಿ ಅಂತ ಬ್ರೋಕರ್ ಹೇಳೋದು ಇದ್ದಿದ್ದೇ. ಹೇಳ್ಕೊಳ್ಳಲಿ ಬಿಡಿ. ನೀವು ಕೇಳ್ಬೇಕಾಗಿರೋದು ಒಂದು ಸೆಟ್ ಜೆರಾಕ್ಸ್, ಇಲ್ಲಾ ವಾಟ್ಸಾಪಲ್ಲಿ ಪಿಡಿಎಫ್. ಪೇಪರ್ ಸರಿಯಿದೆ ಅನ್ನೋರು ಅವತ್ತೇ ಕಳಿಸ್ತಾರೆ, "ಅಡ್ವಾನ್ಸ್ ಕೊಟ್ರೆ ಪೇಪರ್ ಕೊಡ್ತೀವಿ" ಅನ್ನೋರ ಹತ್ರ ಏನೋ ಇದೆ ಅಂತಲೇ ನಾನು ಅಂದ್ಕೊಳ್ಳೋದು. ಆಷಾಢದಲ್ಲಿ ಯಾರೂ ಅಡ್ವಾನ್ಸ್ ಕೊಡಲ್ಲ ಅಲ್ವಾ, ಪೇಪರ್ ನೋಡೋಕೆ ಅದಕ್ಕಿಂತ ಒಳ್ಳೇ ತಿಂಗಳಿಲ್ಲ, ಪೈಪೋಟಿನೂ ಕಮ್ಮಿ, ರೇಟ್ ಬಗ್ಗೆನೂ ಸಮಾಧಾನವಾಗಿ ಮಾತಾಡಬಹುದು, ಶ್ರಾವಣ ಹುಟ್ಟಿದ್ಮೇಲೆ ದುಡ್ಡು ಕೊಡಿ.

ಜೆರಾಕ್ಸ್ ಬಂತು ಅಂದ್ಕೊಳ್ಳಿ, ಮೊದಲು ಜನ ನೋಡೋದು ಖಾತಾ. ಎ ಖಾತಾ ಇದೆ, ಟ್ಯಾಕ್ಸ್ ಕಟ್ಟಿದಾರೆ, ಮುಗೀತು ಅಂತಾರೆ. ಖಾತಾ ಅಂದ್ರೆ ಕಾರ್ಪೊರೇಷನ್‌ಗೆ ಟ್ಯಾಕ್ಸ್ ಕಟ್ಟೋ ಲೆಕ್ಕ, ಅದು ಹಕ್ಕುಪತ್ರ ಅಲ್ಲ, ಮಾಲೀಕತ್ವ ಗೊತ್ತಾಗೋದು ಕ್ರಯಪತ್ರದಿಂದ, ಅದರ ಹಿಂದಿನ ಕ್ರಯಪತ್ರದಿಂದ, ಹಂಗೇ ಹಿಂದಕ್ಕೆ ಹೋಗ್ತಾ ಹೋಗ್ತಾ ಮದರ್ ಡೀಡ್‌ವರೆಗೆ, ಅಂದ್ರೆ ಆಸ್ತಿಯ ಮೂಲ ಪತ್ರದವರೆಗೆ. ಬ್ಯಾಂಕ್ ಲಾಯರ್‌ಗಳು ಸಾಮಾನ್ಯವಾಗಿ ಮೂವತ್ತು ವರ್ಷ ಹಿಂದಕ್ಕೆ ಹೋಗ್ತಾರೆ. ಈ ಸರಪಳಿಲಿ ಎಲ್ಲಾದ್ರೂ ಜಿಪಿಎ (ನಮ್ಮ ಪರವಾಗಿ ವ್ಯವಹಾರ ಮಾಡೋಕೆ ಇನ್ನೊಬ್ಬರಿಗೆ ಕೊಡೋ ಅಧಿಕಾರಪತ್ರ) ಮೇಲೆ ಮಾತ್ರ ಕೈ ಬದಲಾಗಿದ್ರೆ ಅಲ್ಲೇ ನಿಲ್ಲಿ, ಜಿಪಿಎಯಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಾಗಿದೆ, ಆದ್ರೂ ಹಂಗೆ ಮಾರೋರು ಈಗ್ಲೂ ಇದಾರೆ.

ಖಾತಾ ಬೇಡ ಅಂತಲ್ಲ, 2024ರ ಅಕ್ಟೋಬರ್‌ನಿಂದ ಈಚೆಗೆ ಇ-ಖಾತಾ ಇಲ್ದೇ ರಿಜಿಸ್ಟ್ರೇಷನ್ನೇ ಆಗಲ್ಲ, ಹಂಗಾಗಿ ಮಾರೋರ ಹೆಸರಲ್ಲಿ ಇ-ಖಾತಾ ಆಗಿದ್ಯಾ, ಅದರಲ್ಲಿರೋ ಅಳತೆ ಮತ್ತು ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಕ್ರಯಪತ್ರದಲ್ಲಿರೋದಕ್ಕೆ ತಾಳೆ ಆಗತ್ತಾ ನೋಡ್ಕೊಳ್ಳಿ. ಬಿ ಖಾತಾ (ಅಪ್ರೂವಲ್ ಸರಿ ಇಲ್ದಿರೋ ಆಸ್ತಿಗೆ ಕೊಡೋ ಖಾತಾ) ಸೈಟನ್ನ ಎ ಖಾತಾ ಮಾಡಿಸ್ಕೊಳ್ಳೋ ಸ್ಕೀಮ್ ಸರ್ಕಾರ 2025ರ ನವೆಂಬರ್‌ನಲ್ಲಿ ಶುರು ಮಾಡಿದ್ಮೇಲಂತೂ ಮಾರೋರಿಗೆ ಹೊಸ ಡೈಲಾಗ್ ಸಿಕ್ಕಿದೆ, "ಎ ಖಾತಾ ಆಗೋಗತ್ತೆ ಬಿಡಿ ಸಾರ್, ಎಲ್ಲಾರ್ದೂ ಆಗ್ತಿದೆ" ಅಂತ. ಆಗೋದಾದ್ರೆ ಅವರೇ ಮಾಡಿಸಿ ಎ ಖಾತಾ ರೇಟಿಗೆ ಮಾರಲಿ, ಇಲ್ಲಾ ಬಿ ಖಾತಾ ರೇಟಿಗೆ ಕೊಡಲಿ, ಎ ಖಾತಾ ದುಡ್ಡು ಇಸ್ಕೊಂಡು ಬಿ ಖಾತಾ ಕೈಗಿಡೋದು ಯಾವ ನ್ಯಾಯ ಹೇಳಿ.

ಆಮೇಲೆ ಇಸಿ, ಅಂದ್ರೆ ಎನ್‌ಕಂಬ್ರೆನ್ಸ್ ಸರ್ಟಿಫಿಕೇಟ್, ಆಸ್ತಿ ಮೇಲೆ ರಿಜಿಸ್ಟರ್ ಆಗಿರೋ ಮಾರಾಟ, ಸಾಲಗಳ ಪಟ್ಟಿ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ನೀವೇ ತೆಗೀಬಹುದು, 2004ರಿಂದ ಈಚೆದು ಆನ್‌ಲೈನಲ್ಲೇ ಸಿಗತ್ತೆ, ಅದಕ್ಕೂ ಹಿಂದಿಂದು ಬೇಕಂದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಓಡಾಡ್ಬೇಕು. ವ್ಯವಹಾರ ಏನಾದ್ರೂ ನಡೆದಿದ್ರೆ ಫಾರಂ 15ರಲ್ಲಿ ಬರತ್ತೆ, ಏನೂ ಇಲ್ಲಾಂದ್ರೆ ಫಾರಂ 16. ಮಾರೋರು ತಾವು ಇಂಥಾ ವರ್ಷ ರಿಜಿಸ್ಟರ್ ಮಾಡ್ಸಿದೀವಿ ಅಂತಾರೆ, ಆ ವರ್ಷನೂ ಸೇರಿಸಿ ತೆಗೆದ ಇಸಿ ಮಾತ್ರ ಫಾರಂ 16 ಬಂದಿದೆ ಅಂದ್ರೆ ಖುಷಿ ಪಡಬೇಡಿ, ಹುಡುಕೋವಾಗ ಪ್ರಾಪರ್ಟಿ ನಂಬರ್ರೋ ಹಳ್ಳಿ ಹೆಸರೋ ತಪ್ಪಾಗಿ ಹಾಕಿರೋ ಸಾಧ್ಯತೆನೇ ಜಾಸ್ತಿ, ಅವರ ಕ್ರಯಪತ್ರನೇ ಕಾಣಿಸದ ಇಸಿಲಿ ಅವರ ಸಾಲ ಹೆಂಗೆ ಕಾಣಿಸತ್ತೆ? ಇದು ಎಷ್ಟು ಫೈಲಲ್ಲಿ ನೋಡಿದೀನೋ ಲೆಕ್ಕ ಇಲ್ಲ. ಇನ್ನೂ ಒಂದು ವಿಷ್ಯ, ಇಸಿಲಿ ಬರೋದು ರಿಜಿಸ್ಟರ್ ಆಗಿರೋದು ಮಾತ್ರ. ವಿಲ್ ಬರೆದಿಟ್ಟಿದ್ರೆ, ಮನೆಯೊಳಗೆ ಬಾಯಿಮಾತಲ್ಲಿ ಪಾಲಾಗಿದ್ರೆ, ಕೋರ್ಟಲ್ಲಿ ದಾವೆ ಇದ್ರೆ ಅದರಲ್ಲಿ ಬರ್ದೇನೂ ಇರಬಹುದು. ಕೇಸಿದ್ಯಾ ಅಂತ ಇ-ಕೋರ್ಟ್ಸ್ ವೆಬ್‌ಸೈಟಲ್ಲಿ ಮಾರೋರ ಹೆಸರು, ಅವರಪ್ಪನ ಹೆಸರು ಹಾಕಿ ಹುಡುಕಬಹುದು, ಬ್ಯಾಂಕ್ ಸಾಲ ಇದ್ಯಾ ಅಂತ ಸೆರ್ಸಾಯ್ ವೆಬ್‌ಸೈಟಲ್ಲಿ ಸಣ್ಣ ಫೀಸ್ ಕಟ್ಟಿ ನೋಡಬಹುದು. ಹೆಸರಿನ ಸ್ಪೆಲ್ಲಿಂಗ್ ನಾಲ್ಕೈದು ಥರ ಹಾಕಿ ನೋಡ್ರಪ್ಪಾ, ನಮ್ಮೋರ ಹೆಸರು ಆಧಾರಲ್ಲಿ ಒಂಥರ, ಪಹಣಿಲಿ ಇನ್ನೊಂಥರ ಇರತ್ತೆ.

ಈಗ ನನಗೆ ಅತಿ ಮುಖ್ಯ ಅನ್ಸೋದು, ಜನ ಅತಿ ಕಡಿಮೆ ಕೇಳೋದು, ಸಹಿ ಯಾರ್ಯಾರದ್ದು ಅಂತ. ಬೆಂಗಳೂರಿನ ಸುತ್ತ ಲೇಔಟ್ ಆಗಿರೋದೆಲ್ಲಾ ಯಾರೋ ರೈತರ ಜಮೀನು, ಅದು ಪಿತ್ರಾರ್ಜಿತವಾಗಿದ್ರೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಅದನ್ನ ಹೇಳ್ತು, ಅಪ್ಪ ಯಾವಾಗ ತೀರ್ಕೊಂಡಿದ್ರೂ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಇನ್ನೂ ಸ್ಪಷ್ಟ ಮಾಡ್ತು. 2004ರ ಡಿಸೆಂಬರ್ 20ಕ್ಕೆ ಮುಂಚೆನೇ ಮಾರಾಟನೋ ರಿಜಿಸ್ಟರ್ಡ್ ವಿಭಾಗಪತ್ರನೋ ಆಗಿದ್ರೆ ಅದನ್ನ ಈ ತಿದ್ದುಪಡಿ ಮುಟ್ಟಲ್ಲ. ಆಮೇಲಿಂದಾದ್ರೆ ಅಕ್ಕತಂಗೀರ ಸಹಿ ಇದ್ಯಾ, ಇಲ್ಲಾ ಅವರು ರಿಜಿಸ್ಟರ್ಡ್ ಹಕ್ಕು ಬಿಡುಗಡೆ ಪತ್ರ ಬರ್ಕೊಟ್ಟಿದಾರಾ ನೋಡ್ಬೇಕು. ಕೇಳಿದ್ರೆ ಬರೋ ಉತ್ತರ ಗೊತ್ತಲ್ಲ, "ಅವರಿಗೆಲ್ಲಾ ಮದುವೆ ಮಾಡಿ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟು ಕಳಿಸಿದೀವಿ ಮೇಡಂ, ಅವರು ಬರಲ್ಲ". ಬರಲ್ಲ ಅಂತ ಅವರೇ ಬರ್ಕೊಡಲಿ. ಜಮೀನಿನ ರೇಟು ಎಕರೆಗೆ ಕೋಟಿ ದಾಟಿದ್ಮೇಲೆ ಅರಿಶಿನ ಕುಂಕುಮದ ಮಾತು ಯಾರಿಗೂ ನೆನಪಿರಲ್ಲ, ದಾವೆ ಹಾಕಿದಾಗ ಅದರಲ್ಲಿ ಪ್ರತಿವಾದಿ ನಂಬರ್ ಇಷ್ಟು ಅಂತ ಸೈಟ್ ತಗೊಂಡ ನಿಮ್ಮ ಹೆಸರೂ ಇರತ್ತೆ. ಆ ಹೆಣ್ಣುಮಕ್ಕಳು ಪಾಲು ಕೇಳೋದ್ರಲ್ಲಿ ನನಗಂತೂ ತಪ್ಪು ಕಾಣ್ಸಲ್ಲ, ತಪ್ಪು ಅವರನ್ನ ಬಿಟ್ಟು ಮಾರಿದ ಅಣ್ಣತಮ್ಮಂದಿರದ್ದು, ಕಷ್ಟ ಮಾತ್ರ ಕೊಂಡೋರಿಗೆ. ಅದಕ್ಕೇ ವಂಶವೃಕ್ಷ ಕೇಳಿ, ನಾಡಕಚೇರಿಯಿಂದ ತಗೊಂಡಿರೋದು, ಅದರಲ್ಲಿರೋ ಒಂದೊಂದು ಹೆಸರಿನ ಮುಂದೆ ಸಹಿ ಎಲ್ಲಿದೆ ಅಂತ ಪೆನ್ಸಿಲಲ್ಲಿ ಟಿಕ್ ಹಾಕ್ತಾ ಹೋಗಿ. ಸ್ವಯಾರ್ಜಿತ ಆಸ್ತಿ ಆದ್ರೆ ಮಕ್ಕಳ ಸಹಿ ಕಾನೂನು ಪ್ರಕಾರ ಬೇಕಿಲ್ಲ, ಆದ್ರೂ ಲಾಯರ್‌ಗಳು ಸಾಕ್ಷಿ ಅಂತನಾದ್ರೂ ಹಾಕಿಸ್ತಾರೆ, ಒಳ್ಳೇದೇ.

ಇದರ ಜೊತೆಗೇ ಬರೋದು ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ, ಪಂಗಡದೋರಿಗೆ ಸರ್ಕಾರ ಕೊಟ್ಟ ಜಮೀನನ್ನ ಸರ್ಕಾರದ ಅನುಮತಿ ಇಲ್ದೇ ಕೊಂಡ್ರೆ ಅದು ಮೂಲ ಮಂಜೂರುದಾರರ ಕುಟುಂಬಕ್ಕೆ ವಾಪಸ್ ಹೋಗತ್ತೆ, 1978ರ ಪಿಟಿಸಿಎಲ್ ಕಾಯ್ದೆ, 2023ರ ತಿದ್ದುಪಡಿ ಆದ್ಮೇಲೆ ಕೇಸ್ ಹಾಕೋಕೆ ಕಾಲಮಿತಿನೂ ಇಲ್ಲ. ಹಳೇ ಪೇಪರಲ್ಲಿ ಸಾಗುವಳಿ ಚೀಟಿ (ಸರ್ಕಾರ ಜಮೀನು ಮಂಜೂರು ಮಾಡಿದಾಗ ಕೊಡೋ ಪತ್ರ) ಅಂತ ಎಲ್ಲಾದ್ರೂ ಕಂಡ್ರೆ ಲಾಯರ್ ಹತ್ರ ಇದೊಂದನ್ನ ಒತ್ತಿ ಕೇಳಿ, ಪಿಟಿಸಿಎಲ್ ಕೇಸ್ ಇಲ್ಲ ಅಂತ ಎಂಡಾರ್ಸ್‌ಮೆಂಟ್ ತರಿಸಿ.

ಇಷ್ಟೆಲ್ಲಾ ಓದೋಕೆ ತಲೆನೋವು ಅನ್ನೋರು ಸುಲಭವಾಗಿ ಮಾಡಬಹುದಾದ ಒಂದು ಕೆಲಸ ಇದೆ, ದಿಶಾಂಕ್ ಅನ್ನೋ ಆಪ್, ಕರ್ನಾಟಕ ಸರ್ಕಾರದ್ದೇ. ಸೈಟ್ ಮೇಲೆ ನಿಂತ್ಕೊಂಡು ಓಪನ್ ಮಾಡಿದ್ರೆ ನೀವು ಯಾವ ಸರ್ವೆ ನಂಬರಲ್ಲಿ ನಿಂತಿದೀರ ಅಂತ ತೋರಿಸತ್ತೆ, ಪಕ್ಕದಲ್ಲಿ ಕೆರೆ, ಕಾಲುವೆ, ಸರ್ಕಾರಿ ಜಾಗ ಇದ್ರೆ ಹಳೇ ಗ್ರಾಮ ನಕ್ಷೆ ಪ್ರಕಾರ ಅದನ್ನೂ. ಪೇಪರಲ್ಲಿ ಒಂದು ಸರ್ವೆ ನಂಬರು, ಕಾಲ ಕೆಳಗೆ ಇನ್ನೊಂದು ಬಂದ್ರೆ ಮುಂದಿನ ಮಾತೇ ಬೇಡ. ಜಿಪಿಎಸ್ ಒಂಚೂರು ಆಚೀಚೆ ಆಗತ್ತೆ, ಇದೇ ಕೊನೇ ಸಾಕ್ಷಿ ಅಲ್ಲ, ಗಡಿ ಹತ್ರ ಇದ್ರೆ ಸರ್ವೇಯರ್ ಕರೆಸಿ. 2022ರ ಸೆಪ್ಟೆಂಬರ್ ಮಳೆಲಿ ಬೆಳ್ಳಂದೂರು, ಸರ್ಜಾಪುರ ರೋಡ್ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ಕೊಂಡು ಆಚೆ ಬಂದಿದ್ದು ಟಿವಿಲಿ ನೋಡಿದೀವಲ್ಲ, ನೀರು ಹಳೇ ನಕ್ಷೆ ಪ್ರಕಾರನೇ ಹರಿಯೋದು.

ಫ್ಲ್ಯಾಟ್ ಆದ್ರೆ ಓಸಿ ಕೇಳಿ, ಅಂದ್ರೆ ಕಟ್ಟಡ ಪ್ಲ್ಯಾನ್ ಪ್ರಕಾರ ಕಟ್ಟಿದೆ, ವಾಸ ಮಾಡಬಹುದು ಅನ್ನೋ ಸರ್ಟಿಫಿಕೇಟ್. ಬೇರೆ ಎಲ್ಲಾ ಆಮೇಲೆ. ಪ್ಲ್ಯಾನ್ ಸ್ಯಾಂಕ್ಷನ್ ಆಗಿದೆ ಅಂತ ತೋರಿಸ್ತಾರೆ, ನಾಲ್ಕು ಫ್ಲೋರ್‌ಗೆ ತಗೊಂಡು ಐದು ಕಟ್ಟಿರ್ತಾರೆ, ಆ ಐದನೇ ಫ್ಲೋರ್ ಫ್ಲ್ಯಾಟೇ ಚೀಪ್ ಆಗಿ ನಿಮಗೆ ಬರ್ತಿರೋದು. 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಓಸಿ ಇಲ್ದಿರೋ ಕಟ್ಟಡಕ್ಕೆ ಕರೆಂಟು ನೀರು ಕನೆಕ್ಷನ್ ಕೊಡಬಾರದು ಅಂದ್ಮೇಲೆ ಎಷ್ಟೋ ಜನ ಹೊಸ ಮನೇಲಿ ಟೆಂಪರರಿ ಕನೆಕ್ಷನ್ ಇಟ್ಕೊಂಡು ಒದ್ದಾಡಿದಾರೆ. ಇನ್ನೂ ಕಟ್ತಿರೋ ಪ್ರಾಜೆಕ್ಟ್ ಆದ್ರೆ ಕರ್ನಾಟಕ ರೇರಾ (ಬಿಲ್ಡರ್‌ಗಳ ಮೇಲೆ ಕಣ್ಣಿಡೋ ಪ್ರಾಧಿಕಾರ) ವೆಬ್‌ಸೈಟಲ್ಲಿ ಹೆಸರು ಹಾಕಿ, ಪ್ಲ್ಯಾನು, ಮುಗಿಸೋ ತಾರೀಕು, ಕಂಪ್ಲೇಂಟು ಎಲ್ಲಾ ಅಲ್ಲಿರತ್ತೆ, ತಾರೀಕನ್ನ ಎಷ್ಟು ಸಲ ಮುಂದಕ್ಕೆ ಹಾಕಿದಾರೆ ಅನ್ನೋದೇ ಬಿಲ್ಡರ್ ಜಾತಕ. ಅಗ್ರಿಮೆಂಟ್ ರಿಜಿಸ್ಟರ್ ಮಾಡ್ದೇ ಬೆಲೆಯ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಇಸ್ಕೊಳ್ಳೋ ಹಾಗಿಲ್ಲ ಅಂತ ರೇರಾ ಕಾಯ್ದೇಲೇ ಇದೆ, ಆದ್ರೂ ಇಪ್ಪತ್ತು ಕೇಳೋರಿದಾರೆ. ಹಾಗಂತ ರೇರಾ ನಂಬರ್ ಇದೆ ಅಂತ ಕಣ್ಮುಚ್ಚಬೇಡಿ, ಅದು ರಿಜಿಸ್ಟ್ರೇಷನ್ನು, ಟೈಟಲ್ಲಿಗೆ ಗ್ಯಾರಂಟಿ ಅಲ್ಲ. ಬ್ಯಾಂಕ್ ಲೋನ್ ಕೊಡತ್ತೆ ಅಂದ್ರೆ ಎಲ್ಲಾ ಸರಿ ಇದೆ ಅಂತಾನೇ ಅಲ್ವಾ ಮೇಡಂ ಅಂತಾರೆ. ಅಲ್ಲ. ಆ ಟೇಬಲ್ ಈಚೆ ಕಡೆ ಕೂತು ಹೇಳ್ತಿದೀನಿ, ಬ್ಯಾಂಕ್ ನೋಡೋದು ತನ್ನ ಸಾಲ ವಸೂಲಾಗತ್ತಾ ಅಂತ, ನಿಮ್ಮ ಸಂಬಳನೂ ಅದಕ್ಕೆ ಸೆಕ್ಯುರಿಟಿನೇ. ಟೈಟಲ್ ಹೋದ್ರೂ ಇಎಂಐ ನಿಲ್ಲಲ್ಲ. ಹಂಗಾಗಿ ನಿಮ್ಮದೇ ಒಬ್ಬ ಲಾಯರ್ ಇಟ್ಕೊಳ್ಳಿ, ಬ್ರೋಕರ್ ತೋರಿಸಿದೋರನ್ನಲ್ಲ, ಅವರ ಫೀಸಲ್ಲಿ ಚೌಕಾಸಿ ಮಾಡೋರನ್ನ ಕಂಡ್ರೆ ನನಗೆ ನಗು ಬರತ್ತೆ, ಅದೇ ಜನ ಮಾಡ್ಯುಲರ್ ಕಿಚನ್‌ಗೆ ನಾಲ್ಕು ಲಕ್ಷ ಹಾಕಿರ್ತಾರೆ.

ದುಡ್ಡಿನ ಲೆಕ್ಕ ಬೇಗ ಹೇಳ್ಬಿಡ್ತೀನಿ. 80 ಲಕ್ಷದ ಫ್ಲ್ಯಾಟ್ ಅಂದ್ಕೊಳ್ಳಿ, ಬ್ಯಾಂಕ್ ಜಾಸ್ತಿ ಅಂದ್ರೆ 80 ಪರ್ಸೆಂಟ್, ಅಂದ್ರೆ 64 ಲಕ್ಷ ಕೊಡತ್ತೆ, ಅದೂ ಬ್ಯಾಂಕಿನ ವ್ಯಾಲ್ಯುಯರ್ ಅಷ್ಟು ಬೆಲೆ ಕಟ್ಟಿದ್ರೆ. ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟು, ಅದರ ಮೇಲೆ ಸೆಸ್ಸು ಸರ್‌ಚಾರ್ಜು, ರಿಜಿಸ್ಟ್ರೇಷನ್ ಫೀಸು 2025ರ ಆಗಸ್ಟ್ 31ರಿಂದ 1ರ ಬದಲು 2 ಪರ್ಸೆಂಟ್ ಆಗಿದೆ, ಒಟ್ಟು 7.6, ಅಂದ್ರೆ 6 ಲಕ್ಷದ 8 ಸಾವಿರ, ಇದನ್ನ ಬ್ಯಾಂಕ್ ಬೆಲೆ ಒಳಗೆ ಸೇರಿಸ್ಕೊಳ್ಳಲ್ಲ. ಕೈಯಿಂದಲೇ 22 ಲಕ್ಷ ಆಯ್ತು, ಇನ್ನೂ ಬ್ರೋಕರ್, ಲಾಯರ್, ಗೃಹಪ್ರವೇಶ ಬಂದಿಲ್ಲ. ಓಸಿ ಬಂದಿಲ್ಲದ ಹೊಸ ಫ್ಲ್ಯಾಟ್ ಆದ್ರೆ 5 ಪರ್ಸೆಂಟ್ ಜಿಎಸ್‌ಟಿ, ಇನ್ನೊಂದು 4 ಲಕ್ಷ. ಬೆಲೆ 50 ಲಕ್ಷ ಮುಟ್ಟಿದ್ರೆ ಮಾರೋರಿಗೆ ಕೊಡೋ ದುಡ್ಡಲ್ಲಿ 1 ಪರ್ಸೆಂಟ್ ಟಿಡಿಎಸ್ ಹಿಡಿದು ನೀವೇ ಕಟ್ಟಬೇಕು, ಗಂಡ ಹೆಂಡ್ತಿ ಅರ್ಧರ್ಧ ತಗೊಂಡ್ರೂ ಒಟ್ಟು ಬೆಲೆನೇ ಲೆಕ್ಕ, ಮರೆತ್ರೆ ನೋಟಿಸ್ ಬರೋದು ನಿಮಗೇ. ಮಾರೋರು ಅಮೆರಿಕದಲ್ಲೋ ದುಬೈಲೋ ಇದ್ರೆ ರೂಲ್ಸೇ ಬೇರೆ, ಹಿಡಿಯೋದೂ ತುಂಬಾ ಜಾಸ್ತಿ, ಅಡ್ವಾನ್ಸ್‌ಗೆ ಮುಂಚೆನೇ ಆಡಿಟರ್ ಹತ್ರ ಹೋಗಿ. "ಇಷ್ಟು ವೈಟು, ಇಷ್ಟು ಕ್ಯಾಶು" ಅನ್ನೋರ ಜೊತೆ ಹುಷಾರು, ಆಸ್ತಿ ವ್ಯವಹಾರದಲ್ಲಿ 20 ಸಾವಿರ ಮುಟ್ಟಿದ್ರೆ ಕ್ಯಾಶ್ ಇಸ್ಕೊಳ್ಳೋ ಹಾಗೇ ಇಲ್ಲ, ಡೀಲ್ ಮುರಿದ್ರೆ ಆ ಕ್ಯಾಶಿಗೆ ನಿಮ್ಮ ಹತ್ರ ಯಾವ ದಾಖಲೆನೂ ಇರಲ್ಲ.

ನೀರಿನ ಬಗ್ಗೆ ಸೆಕ್ಯುರಿಟಿಯವರನ್ನ ಕೇಳಿ, ಅಸೋಸಿಯೇಷನ್‌ನೋರನ್ನಲ್ಲ. ಊರಲ್ಲೆಲ್ಲಾ ನೀರಿಗೆ ಬರ ಬಂದಿದ್ದ 2024ರ ಮಾರ್ಚಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರ್ತಿತ್ತು ಅಂತ. ಕಾವೇರಿ ನೀರಿನ ಯೋಜನೆಯ ಐದನೇ ಹಂತ ಅದೇ ವರ್ಷ ಅಕ್ಟೋಬರಲ್ಲಿ ಶುರುವಾಯ್ತು, ಬೆಂಗಳೂರಿಗೆ ಸೇರಿಸಿದ 110 ಹಳ್ಳಿಗೆ ನೀರು ಅಂತ, ರೋಡಲ್ಲಿ ಪೈಪ್ ಇದ್ರೂ ಬಿಲ್ಡಿಂಗ್‌ನೋರು ಕನೆಕ್ಷನ್ ತಗೊಂಡಿದಾರಾ ಅಂತ ನೀರಿನ ಬಿಲ್ ನೋಡಿದ್ರೆ ಗೊತ್ತಾಗತ್ತೆ. ವಾಸ್ತು ನಾನು ಹೇಳಲ್ಲ, ಅದನ್ನ ಹೇಳೋಕೆ ನಿಮ್ಮನೇಲೇ ಜನ ಇದಾರೆ.

ಎಲ್ಲಾ ನೋಡಿ ಒಪ್ಪಿಗೆ ಆದ್ಮೇಲೆ ಟೋಕನ್ ಕೊಡಿ, ಚೆಕ್ಕಲ್ಲೋ ಆರ್‌ಟಿಜಿಎಸ್‌ಲೋ, ಮಾರೋರ ಅಕೌಂಟಿಗೇ, ಬ್ರೋಕರ್ ಅಕೌಂಟಿಗಲ್ಲ. ಲೀಗಲ್ ಒಪಿನಿಯನ್ ಸರಿ ಬರ್ಲಿಲ್ಲ ಅಂದ್ರೂ, ಲೋನ್ ಸ್ಯಾಂಕ್ಷನ್ ಆಗ್ಲಿಲ್ಲ ಅಂದ್ರೂ ಇಷ್ಟು ದಿನದೊಳಗೆ ಪೂರ್ತಿ ವಾಪಸ್ ಅಂತ ಒಂದು ಸಾಲು ಬರೆಸಿ ಸಹಿ ಹಾಕಿಸ್ಕೊಳ್ಳಿ, ಸೇಲ್ ಅಗ್ರಿಮೆಂಟಲ್ಲೂ ಅದೇ ಸಾಲು ಇರಲಿ. ರಿಜಿಸ್ಟ್ರೇಷನ್ ಆದ್ಮೇಲೆ ಖಾತಾ ನಿಮ್ಮ ಹೆಸರಿಗೆ, ಬೆಸ್ಕಾಂ ಮೀಟರ್ ನಿಮ್ಮ ಹೆಸರಿಗೆ, ಇವೆರಡನ್ನ ಆಮೇಲೆ ನೋಡೋಣ ಅಂತ ಬಿಟ್ರೆ ವರ್ಷಗಟ್ಟಲೆ ಹಂಗೇ ಉಳಿದುಬಿಡತ್ತೆ. ಒರಿಜಿನಲ್ಸ್ ಬ್ಯಾಂಕಿಗೆ ಕೊಡೋವಾಗ ಯಾವ್ಯಾವ ಪತ್ರ, ಎಷ್ಟೆಷ್ಟು ಪುಟ ಅಂತ ಲಿಸ್ಟ್ ಮಾಡಿಸಿ ಸೀಲು ಸಹಿ ಹಾಕಿಸ್ಕೊಳ್ಳಿ, ಕೊಡಲ್ಲ ಅಂತ ಗೊಣಗಿದ್ರೂ ಬಿಡಬೇಡಿ. ಸಾಲ ತೀರಿದ 30 ದಿನದೊಳಗೆ ವಾಪಸ್ ಕೊಡ್ದೇ ಬ್ಯಾಂಕೇ ತಡ ಮಾಡಿದ್ರೆ ದಿನಕ್ಕೆ 5,000 ರೂಪಾಯಿ ಅದು ನಿಮಗೆ ಕೊಡಬೇಕು, 2023ರ ಡಿಸೆಂಬರ್‌ನಿಂದ ಆರ್‌ಬಿಐ ರೂಲ್ ಇದೆ, ಆದ್ರೆ ಏನು ಕೊಟ್ಟಿದ್ರಿ ಅನ್ನೋದಕ್ಕೆ ನಿಮ್ಮ ಕೈಲಿರೋದು ಆ ಲಿಸ್ಟ್ ಒಂದೇ.